ತುಪ್ಪದಲ್ಲಿ ಡಾಲ್ಡಾ, ಹಾಲಲ್ಲಿ ನೀರು: ದೂರು ಕೊಟ್ಟರೆ ಕೇಸು ನಿಲ್ಲುವುದು ಹೇಗೆ?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವರು. ಮನೆಯಲ್ಲಿ ಪೂಜೆ ಇತ್ತು ಅಂತ ಪೇಟೆಯ ಅಂಗಡಿಯಿಂದ ಐದು ಕಿಲೋ ತುಪ್ಪ ತಂದಿದ್ದೆವು. ಬಿಸಿ ಮಾಡಿದಾಗ ಡಾಲ್ಡಾ ವಾಸನೆ ಬಂತು. ಅಂಗಡಿಯವರನ್ನು ಕೇಳಿದರೆ "ಮಾಲು ಹೊರಗಿಂದ ಬರುವುದು, ನಮಗೇನು ಗೊತ್ತು" ಎಂದರು. ದೂರು ಕೊಟ್ಟರೆ ಏನಾದರೂ ಆಗುತ್ತದಾ? ಸಿಕ್ಕಿಬಿದ್ದವರು ದಂಡ ಕಟ್ಟಿ ಮತ್ತೆ ಅದೇ ವ್ಯಾಪಾರ ಮಾಡುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ತಲಪಾಡಿ, ಸಾರಡ್ಕದ ಕಡೆಯಿಂದ ಗಡಿ ದಾಟಿ ಬರುವ ಹಾಲಿಗೆ ಯಾರು ಹೊಣೆ? ನಮಗೆ ಮಲಯಾಳ ಬರೆಯಲು ಬರುವುದಿಲ್ಲ. ಕನ್ನಡದಲ್ಲಿ ದೂರು ಕೊಟ್ಟರೆ ತೆಗೆದುಕೊಳ್ಳುತ್ತಾರಾ?

ಉತ್ತರ: ದೂರು ಖಂಡಿತ ಕೊಡಿ. ಕನ್ನಡದಲ್ಲೇ ಕೊಡಿ. ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಅಡುಗೆಮನೆಯಲ್ಲಿ ಮುಚ್ಚಳ ತೆಗೆದಿಟ್ಟ ತುಪ್ಪವನ್ನೇ ಹಿಡಿದುಕೊಂಡು ಅಂಗಡಿಯವರ ಮೇಲೆ ಇಲಾಖೆ ಕೇಸು ಹಾಕಲು ಆಗುವುದಿಲ್ಲ. ಅಧಿಕಾರಿಗಳು ಹಾಗೆ ಹೇಳಿದರೆ ಅದು ನುಣುಚಿಕೊಳ್ಳುವ ಮಾತು ಅಂದುಕೊಳ್ಳಬೇಡಿ. ಆ ತುಪ್ಪಕ್ಕೆ ನಿಮ್ಮ ಮನೆಯಲ್ಲೇ ಏನೂ ಬೆರೆತಿಲ್ಲ ಎಂದು ನಾಳೆ ಯಾರು ಸಾಬೀತು ಮಾಡುವುದು? ಆಹಾರ ಕಾನೂನಿನ ಬಲವೆಲ್ಲ ಸ್ಯಾಂಪಲ್‌ನಲ್ಲಿದೆ. ಯಾರು ತೆಗೆದರು, ಎಲ್ಲಿಂದ ತೆಗೆದರು, ಎಷ್ಟು ಹೊತ್ತಿಗೆ ತೆಗೆದರು, ಹೇಗೆ ಸೀಲ್ ಮಾಡಿದರು ಎಂಬುದರ ಮೇಲೆ ಕೇಸು ನಿಲ್ಲುತ್ತದೆ ಅಥವಾ ಬಿದ್ದುಹೋಗುತ್ತದೆ. ಹಾಗಾಗಿ ನಿಮ್ಮ ದೂರಿನ ಕೆಲಸ ಒಂದೇ: ಸರಿಯಾದ ಅಧಿಕಾರಿ, ಸರಿಯಾದ ಅಂಗಡಿಗೆ, ಆ ಮಾಲು ಖಾಲಿಯಾಗುವ ಮೊದಲು ಹೋಗುವಂತೆ ಮಾಡುವುದು.

ಈಗ ಜಾರಿಯಲ್ಲಿರುವುದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ. 2011ರ ಆಗಸ್ಟ್ 5ರಿಂದ ಅದು ಪೂರ್ತಿ ಜಾರಿಗೆ ಬಂತು, 1954ರ ಹಳೇ ಕಲಬೆರಕೆ ತಡೆ ಕಾಯ್ದೆ ಹೋಯಿತು. ಇದು ಕೇಂದ್ರದ ಕಾಯ್ದೆ. ಗಡಿಯ ಆ ಕಡೆ ಒಂದು, ಈ ಕಡೆ ಒಂದು ಎಂಬುದಿಲ್ಲ. ಹಾಲಿಗೆ ಮಂಗಳೂರಿನಲ್ಲಿರುವ ಮಾನದಂಡವೇ ಮಂಜೇಶ್ವರದಲ್ಲೂ.

ಅಂಗಡಿಯಲ್ಲಿ ಸ್ಯಾಂಪಲ್ ತೆಗೆಯುವುದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅದು ಗೊತ್ತಿದ್ದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಆಹಾರ ಸುರಕ್ಷತಾ ಅಧಿಕಾರಿ ಬಂದು, ಪರೀಕ್ಷೆಗಾಗಿ ಸ್ಯಾಂಪಲ್ ತೆಗೆಯುತ್ತೇನೆ ಎಂದು ವ್ಯಾಪಾರಿಗೆ ಲಿಖಿತ ನೋಟಿಸ್ ಕೊಡಬೇಕು. ತೆಗೆದುಕೊಂಡ ಮಾಲಿಗೆ ದುಡ್ಡೂ ಕೊಡಬೇಕು. ಕ್ಯಾನಿನ ಹಾಲಾದರೆ ಮೇಲಿನಿಂದ ಒಂದು ಸೌಟು ಬಗ್ಗಿಸಿಕೊಂಡರೆ ಆಗದು. ನಿಂತ ಹಾಲಿನಲ್ಲಿ ಕೆನೆ ಮೇಲೆ ಬಂದಿರುತ್ತದೆ. ತಳದಿಂದ ಚೆನ್ನಾಗಿ ಕಲಕದಿದ್ದರೆ ಮೇಲಿನ ಸೌಟಿನಲ್ಲಿ ಫ್ಯಾಟ್ ಜಾಸ್ತಿ, ತಳದ ಸೌಟಿನಲ್ಲಿ ಕಡಿಮೆ. ಕೆನೆ ಸಿಕ್ಕಿದರೆ ಮೋಸ ಮಾಡಿದವನು ಪಾಸಾಗುತ್ತಾನೆ, ತಳದ್ದು ಸಿಕ್ಕಿದರೆ ಪ್ರಾಮಾಣಿಕನೊಬ್ಬ ಸಿಕ್ಕಿಬೀಳುತ್ತಾನೆ.

ಕಲಕಿದ ಹಾಲನ್ನು ನಾಲ್ಕು ಭಾಗ ಮಾಡಿ, ತೊಳೆದು ಒಣಗಿಸಿದ ಬಾಟಲಿಗಳಿಗೆ ಹಾಕುತ್ತಾರೆ. ಲ್ಯಾಬಿಗೆ ಹೋಗುವಷ್ಟರಲ್ಲಿ ಹಾಲು ಒಡೆಯಬಾರದು ಎಂದು ಪ್ರತಿ 25 ಎಂಎಲ್‌ಗೆ ಎರಡು ಹನಿ ಫಾರ್ಮಲಿನ್ ಹಾಕುವುದು ಕ್ರಮ. ಇದನ್ನು ನೋಡಿದವರು ಗಾಬರಿಯಾಗುವುದುಂಟು, ಫಾರ್ಮಲಿನ್ ವಿಷ ಅಲ್ವಾ ಅಂತ. ಅದು ಪರೀಕ್ಷೆಯ ಬಾಟಲಿಗೆ ಮಾತ್ರ, ಕುಡಿಯುವ ಹಾಲಿಗಲ್ಲ. ಆದರೆ ಹಾಲಿಗೆ ಫಾರ್ಮಲಿನ್ನೇ ಬೆರೆಸಿದ್ದಾರೆ ಎಂದು ನಿಮಗೆ ಅನುಮಾನ ಇದ್ದರೆ ದೂರಿನಲ್ಲೇ ಅದನ್ನು ಸ್ಪಷ್ಟವಾಗಿ ಬರೆಯಿರಿ. ಆಗ ಅಧಿಕಾರಿ ಆ ಎಚ್ಚರಿಕೆಯಿಂದಲೇ ಸ್ಯಾಂಪಲ್ ತೆಗೆಯಬಹುದು. ತುಪ್ಪಕ್ಕೆ ಈ ತಾಪತ್ರಯ ಇಲ್ಲ.

ಆಮೇಲೆ ಪ್ರತಿ ಬಾಟಲಿಗೂ ಬಿರಡೆ ಹಾಕಿ, ದಪ್ಪ ಕಾಗದ ಸುತ್ತಿ, ತುದಿ ಮಡಚಿ ಅಂಟಿಸುತ್ತಾರೆ. ಅದರ ಮೇಲೆ ಬುಡದಿಂದ ತಲೆಯವರೆಗೆ ಸುತ್ತು ಬರುವಂತೆ ಒಂದು ಚೀಟಿ. ಅದರಲ್ಲಿ ಅಂಕಿತ ಅಧಿಕಾರಿಯ (ಜಿಲ್ಲೆಯ ಆಹಾರ ಸುರಕ್ಷತಾ ಮೇಲಧಿಕಾರಿ) ಸಹಿ ಮತ್ತು ಕೋಡ್ ನಂಬರ್ ಇರುತ್ತದೆ. ವ್ಯಾಪಾರಿಯ ಸಹಿಯನ್ನು ಅರ್ಧ ಚೀಟಿಯ ಮೇಲೆ, ಅರ್ಧ ಸುತ್ತಿದ ಕಾಗದದ ಮೇಲೆ ಬೀಳುವಂತೆ ಹಾಕಿಸುತ್ತಾರೆ. ಆಮೇಲೆ ಯಾರಾದರೂ ಚೀಟಿ ಬದಲಾಯಿಸಿದರೆ ಸಹಿ ಕೂಡುವುದಿಲ್ಲ. ಕೊನೆಗೆ ದಾರ ಬಿಗಿದು ಅರಗಿನ ಸೀಲು, ಕನಿಷ್ಠ ನಾಲ್ಕು ಕಡೆ: ಮೇಲೊಂದು, ಕೆಳಗೊಂದು, ಮೈಮೇಲೆ ಎರಡು. ಇಷ್ಟನ್ನೂ ಜನ ತುಂಬಿದ ಅಂಗಡಿಯಲ್ಲಿ, ಕೂಗಾಡುವ ಮಾಲೀಕನ ಎದುರು ನಿಂತು ಮಾಡಬೇಕು. ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವ ಅಧಿಕಾರಿಗಳ ಬಗ್ಗೆ ನನಗೆ ತುಂಬ ಗೌರವ ಇದೆ.

ನಾಲ್ಕರಲ್ಲಿ ಒಂದು ಭಾಗ ಸರಕಾರಿ ಆಹಾರ ವಿಶ್ಲೇಷಕರಿಗೆ ಹೋಗುತ್ತದೆ. ಉತ್ತರ ಕೇರಳದ ನಮಗೆ ಅದು ಕೋಝಿಕ್ಕೋಡಿನ ಪ್ರಾದೇಶಿಕ ಲ್ಯಾಬ್. ಎರಡು ಭಾಗ ಅಂಕಿತ ಅಧಿಕಾರಿಯ ಹತ್ತಿರ ಉಳಿಯುತ್ತವೆ. ಕೇರಳದಲ್ಲಿ ಜಿಲ್ಲೆಯ ಆಹಾರ ಸುರಕ್ಷತಾ ಸಹಾಯಕ ಆಯುಕ್ತರೇ ಅಂಕಿತ ಅಧಿಕಾರಿ. ನಾಲ್ಕನೆಯದು, ವ್ಯಾಪಾರಿ ಕೇಳಿದರೆ, ಮಾನ್ಯತೆ ಇರುವ ಬೇರೆ ಲ್ಯಾಬಿಗೆ. ಎರಡು ಲ್ಯಾಬುಗಳ ವರದಿ ತಾಳೆಯಾಗದಿದ್ದರೆ ರೆಫರಲ್ ಲ್ಯಾಬಿನ ಮಾತೇ ಕೊನೆ. ವಿಶ್ಲೇಷಕರು 14 ದಿನದಲ್ಲಿ ವರದಿ ಕೊಡಬೇಕು. ಅದರ ಮೇಲೆ ವ್ಯಾಪಾರಿಗೆ ಅಪೀಲು ಹೋಗಲು 30 ದಿನ ಇದೆ. "ಸ್ಯಾಂಪಲ್ ತೆಗೆದುಕೊಂಡು ಹೋದವರು ಒಂದು ತಿಂಗಳಾದರೂ ಸುದ್ದಿಯಿಲ್ಲ" ಎಂದು ಜನ ಬೇಸರ ಪಡುವುದು ಈ ದಿನಗಳಲ್ಲೇ. ಕಾನೂನು ಕೊಟ್ಟ ಸಮಯ ಅದು.

ಹಾಗಾದರೆ ಅಧಿಕಾರಿ ಬರದೆ ನೀವೇ ಪರೀಕ್ಷೆ ಮಾಡಿಸುವ ದಾರಿ ಇಲ್ಲವೇ? ಇದೆ. ತುಂಬ ಜನರಿಗೆ ಗೊತ್ತಿಲ್ಲದ ದಾರಿ ಇದು. ಕಾಯ್ದೆಯ ಸೆಕ್ಷನ್ 40ರ ಪ್ರಕಾರ ಯಾವ ಗ್ರಾಹಕರಾದರೂ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಒಂದೇ ಷರತ್ತು: ಕೊಳ್ಳುವಾಗಲೇ ಅಂಗಡಿಯವರಿಗೆ "ಇದನ್ನು ಪರೀಕ್ಷೆಗೆ ಕಳಿಸುತ್ತೇನೆ" ಎಂದು ತಿಳಿಸಿರಬೇಕು. ಮಾಲು ಮಾನದಂಡಕ್ಕೆ ಕಡಿಮೆ ಎಂದು ವರದಿ ಬಂದರೆ ನೀವು ಕಟ್ಟಿದ ಶುಲ್ಕ ವಾಪಸ್, ಮತ್ತು ವಿಶ್ಲೇಷಕರೇ ಆ ವರದಿಯನ್ನು ಮುಂದಿನ ಕ್ರಮಕ್ಕೆ ಅಂಕಿತ ಅಧಿಕಾರಿಗೆ ಕಳಿಸಬೇಕು. ನೀವು ಈ ಸಲದ ತುಪ್ಪ ಕೊಳ್ಳುವಾಗ ಹಾಗೆ ಹೇಳಿಲ್ಲ. ಅದಕ್ಕೇ ಈಗ ಈ ದಾರಿ ಇಲ್ಲ. ಅದೇ ಬ್ಯಾಚಿನ ಇನ್ನೊಂದು ಸೀಲಾದ ಡಬ್ಬ ಅಂಗಡಿಯಲ್ಲಿದ್ದರೆ ಒಬ್ಬರು ಸಾಕ್ಷಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ಹೇಳಿಯೇ ಕೊಳ್ಳಿ, ಬಿಲ್ಲು ಇಸ್ಕೊಳ್ಳಿ, ಡಬ್ಬ ತೆರೆಯಬೇಡಿ.

ಸಮಯದ ಮಾತು ಹೇಳಿದೆನಲ್ಲ, ಅದಕ್ಕೆ ಕೇರಳದ್ದೇ ಒಂದು ಪಾಠ ಇದೆ. 2023ರ ಜನವರಿಯಲ್ಲಿ ಕೊಲ್ಲಂ ಜಿಲ್ಲೆಯ ಆರ್ಯಂಕಾವು ಚೆಕ್‌ಪೋಸ್ಟಿನಲ್ಲಿ ತಮಿಳುನಾಡಿನಿಂದ ಬಂದ ಹಾಲಿನ ಟ್ಯಾಂಕರ್ ಒಂದನ್ನು ತಡೆದರು. ಹೈನು ಅಭಿವೃದ್ಧಿ ಇಲಾಖೆಯವರ ಪರೀಕ್ಷೆಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಸಿಕ್ಕಿತು. ಹಾಲು ಕೆಡದೆ ಇರಲಿ ಎಂದು ಹಾಕುವ ರಾಸಾಯನಿಕ ಇದು. ಆದರೆ ಕೇಸು ಹಾಕುವ ಅಧಿಕಾರ ಆ ಇಲಾಖೆಗಿಲ್ಲ, ಅದು ಆಹಾರ ಸುರಕ್ಷತಾ ಇಲಾಖೆಯದ್ದು. ಅವರು ಆಮೇಲೆ ತೆಗೆದ ಸ್ಯಾಂಪಲ್‌ನಲ್ಲಿ ಪೆರಾಕ್ಸೈಡ್ ಸಿಗಲಿಲ್ಲ. ಹೊತ್ತು ಕಳೆದಂತೆ ಹಾಲಿನಲ್ಲಿ ಪೆರಾಕ್ಸೈಡ್ ನೀರು ಮತ್ತು ಆಮ್ಲಜನಕವಾಗಿ ಒಡೆದುಹೋಗುತ್ತದೆ. ಸ್ಯಾಂಪಲ್ ತೆಗೆಯಲು ತಡವಾಯಿತೇ ಎಂಬ ಬಗ್ಗೆ ಎರಡು ಇಲಾಖೆಗಳ ನಡುವೆ ಬಹಿರಂಗವಾಗಿಯೇ ಜಟಾಪಟಿ ನಡೆಯಿತು. ಹಾಲನ್ನು ಪರೀಕ್ಷಿಸುವ ಕೈ ಒಂದು, ಶಿಕ್ಷೆ ಕೊಡಿಸುವ ಕೈ ಇನ್ನೊಂದು. ಇವೆರಡರ ನಡುವೆ ಕೆಲವು ಗಂಟೆ ಜಾರಿದರೆ ಪುರಾವೆಯೇ ಆವಿ. ಗಡಿ ಜಿಲ್ಲೆಯ ಪ್ರತಿ ಚೆಕ್‌ಪೋಸ್ಟಿನಲ್ಲೂ ಈ ಎರಡು ಇಲಾಖೆಯವರು ಒಟ್ಟಿಗೇ ಕೂತಿರಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಈಗ "ಬರೀ ದಂಡ" ಎಂಬ ಮಾತಿಗೆ ಬರೋಣ. ಕಾಯ್ದೆ ಕೆಟ್ಟ ಆಹಾರವನ್ನು ಮುಖ್ಯವಾಗಿ ಎರಡು ದಾರಿಗೆ ಹಾಕುತ್ತದೆ. ಒಂದು ಕಳಪೆ ಗುಣಮಟ್ಟದ್ದು. ಅಂದರೆ ಮಾನದಂಡಕ್ಕೆ ಕಡಿಮೆ ಇದೆ, ಆದರೆ ತಿಂದರೆ ಆರೋಗ್ಯಕ್ಕೆ ಹಾನಿ ಎಂದು ಹೇಳುವಂತಿಲ್ಲ. ಇನ್ನೊಂದು ಅಸುರಕ್ಷಿತ ಆಹಾರ, ತಿಂದರೆ ಆರೋಗ್ಯ ಕೆಡುವಂಥದ್ದು. ಹಾಲಿಗೆ ನೀರು ಹಾಕಿದರೆ ಸಾಮಾನ್ಯವಾಗಿ ಮೊದಲನೆಯ ದಾರಿ. ಡಿಟರ್ಜೆಂಟ್, ಫಾರ್ಮಲಿನ್ ಹಾಕಿದರೆ ಎರಡನೆಯದು. ನಿಮ್ಮ ತುಪ್ಪದಲ್ಲಿ ವನಸ್ಪತಿ, ಅಂದರೆ ಡಾಲ್ಡಾ, ಸಿಕ್ಕಿದರೆ ಹೆಚ್ಚಾಗಿ ಕಳಪೆಯ ದಾರಿಯಲ್ಲೇ ಹೋಗುತ್ತದೆ. ಕಳಪೆಗೆ 5 ಲಕ್ಷ ರೂಪಾಯಿವರೆಗೆ ದಂಡ, ಜೈಲಿಲ್ಲ. ಅದನ್ನು ಕೋರ್ಟು ಕೇಳುವುದೂ ಇಲ್ಲ. ಅಡಿಷನಲ್ ಡಿಸ್ಟ್ರಿಕ್ಟ್ ಮ್ಯಾಜಿಸ್ಟ್ರೇಟ್ ದರ್ಜೆಗಿಂತ ಕೆಳಗಲ್ಲದ ಅಧಿಕಾರಿ ತೀರ್ಮಾನ ಮಾಡುತ್ತಾರೆ. ಅಸುರಕ್ಷಿತ ಎಂದಾದರೆ ಕೋರ್ಟಿಗೆ ಹೋಗುತ್ತದೆ. ಯಾರಿಗೂ ತೊಂದರೆ ಆಗದಿದ್ದರೂ ಜೈಲು ಉಂಟು. 2023ರ ತಿದ್ದುಪಡಿಯ ನಂತರ ಅದು ಮೂರು ತಿಂಗಳವರೆಗೆ ಮತ್ತು 3 ಲಕ್ಷದವರೆಗೆ ದಂಡ. ತಿಂದವರಿಗೆ ಗಂಭೀರ ಹಾನಿಯಾದರೆ ಆರು ವರ್ಷದವರೆಗೆ. ಜೀವ ಹೋದರೆ ಕನಿಷ್ಠ ಏಳು ವರ್ಷ, ಜೀವಾವಧಿಯೂ ಆಗಬಹುದು.

ಮೊದಲು ಆರು ತಿಂಗಳಿದ್ದ ಜೈಲನ್ನು ಮೂರಕ್ಕೆ ಇಳಿಸಿದ್ದು ನನಗೆ ಸರಿ ಕಾಣಲಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಹಾಲಿನ ಕಲಬೆರಕೆಗೆ ಶಿಕ್ಷೆ ಜಾಸ್ತಿ ಮಾಡುವ ಬಗ್ಗೆ ಯೋಚಿಸಿ ಎಂದು ಸರಕಾರಗಳಿಗೆ ಹೇಳಿತ್ತು. ಉತ್ತರ ಪ್ರದೇಶ, ಪಶ್ಚಿಮ ಬಂಗಾಳ, ಒಡಿಶಾ ಈ ಅಪರಾಧಕ್ಕೆ ಜೀವಾವಧಿ ಶಿಕ್ಷೆ ತಂದದ್ದನ್ನೂ ಎತ್ತಿ ತೋರಿಸಿತ್ತು. ಆದರೂ ದಂಡವನ್ನು ಹಗುರವಾಗಿ ನೋಡಬೇಡಿ. ಒಮ್ಮೆ ಶಿಕ್ಷೆಯಾದವನು ಮತ್ತೆ ಅದೇ ತಪ್ಪು ಮಾಡಿ ಶಿಕ್ಷೆಗೊಳಗಾದರೆ ಶಿಕ್ಷೆ ಎರಡು ಪಟ್ಟು, ಲೈಸೆನ್ಸ್ ರದ್ದು. ಅವನ ಹೆಸರು, ಊರು, ಅಪರಾಧವನ್ನು ಅವನ ಖರ್ಚಿನಲ್ಲೇ ಪತ್ರಿಕೆಯಲ್ಲಿ ಹಾಕಿಸಲೂ ಕೋರ್ಟಿಗೆ ಅಧಿಕಾರ ಇದೆ. ನಮ್ಮಂಥ ಸಣ್ಣ ಪೇಟೆಯಲ್ಲಿ ವ್ಯಾಪಾರಿಗೆ ಜೈಲಿಗಿಂತ ದೊಡ್ಡ ಭಯ ಅದೇ.

ಹಾಲಿನ ಮಾನದಂಡದ ಬಗ್ಗೆಯೂ ಹೇಳಬೇಕು. ಹಸುವಿನ ಹಾಲಿಗೆ ಕನಿಷ್ಠ 3.2 ಶೇಕಡಾ ಫ್ಯಾಟ್, 8.3 ಶೇಕಡಾ ಎಸ್‌ಎನ್‌ಎಫ್ ಇರಬೇಕು. ಎಸ್‌ಎನ್‌ಎಫ್ ಅಂದರೆ ಫ್ಯಾಟ್ ಬಿಟ್ಟು ಉಳಿದ ಗಟ್ಟಿ ಅಂಶ. ಪ್ಯಾಕೆಟಿನ ಟೋನ್ಡ್ ಹಾಲಿಗೆ 3 ಮತ್ತು 8.5. ಇದರಲ್ಲಿ ಕೂದಲೆಳೆಯಷ್ಟು ಕಡಿಮೆಯಾದರೂ ಕಡಿಮೆಯೇ. ಉತ್ತರ ಪ್ರದೇಶದ ಒಂದು ಕೇಸಿನಲ್ಲಿ 1995ರಲ್ಲಿ ತೆಗೆದ ಹಸುವಿನ ಹಾಲಿನ ಸ್ಯಾಂಪಲ್‌ಗೆ ಫ್ಯಾಟ್ 4.6 ಇತ್ತು, ಎಸ್‌ಎನ್‌ಎಫ್ 7.7 ಮಾತ್ರ. ಆಗಿನ ಮಾನದಂಡ 8.5. ಸ್ವಲ್ಪವೇ ಕಡಿಮೆ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಒಪ್ಪಲಿಲ್ಲ. ತೀರ್ಪು ಗಟ್ಟಿ, ಆದರೆ ಒಂದು ಬಾಟಲಿ ಹಾಲಿಗೆ 24 ವರ್ಷ. ಈಗಿನ ಕಾಯ್ದೆಯಲ್ಲಿ ತಪ್ಪು ನಡೆದ ಒಂದು ವರ್ಷದೊಳಗೆ ಕೇಸು ದಾಖಲಾಗಬೇಕು. ಕಾರಣ ಬರೆದು ರಾಜ್ಯದ ಆಹಾರ ಸುರಕ್ಷತಾ ಆಯುಕ್ತರು ಒಪ್ಪಿದರೆ ಮೂರು ವರ್ಷದವರೆಗೆ ಅವಕಾಶ.

ಇಲ್ಲಿ ಹಳ್ಳಿಯ ಹೈನುಗಾರರ ಪರವಾಗಿ ಒಂದು ಮಾತು. ಮಿಶ್ರತಳಿ ಹಸು, ಮಳೆಗಾಲದ ನೀರು ಹುಲ್ಲು, ಹಿಂಡಿ ಕಡಿಮೆ ಎಂದಾದರೆ ಒಂದು ಹನಿ ನೀರು ಹಾಕದೆಯೂ ಎಸ್‌ಎನ್‌ಎಫ್ ಇಳಿಯುತ್ತದೆ. ಹಾಗಾಗಿ ಪಕ್ಕದ ಮನೆಯ ಹಾಲು ತೆಳು ಕಂಡಿತು ಎಂದು ತಕ್ಷಣ ಕಲಬೆರಕೆ ಅನ್ನಬೇಡಿ. ರೈತರ ಕೃಷಿ ಕೆಲಸಕ್ಕೆ, ಜಾನುವಾರು ಸಾಕಣೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಹಾಲನ್ನು ಪೂರ್ತಿಯಾಗಿ ಸೊಸೈಟಿಗೆ ಹಾಕುವ ಸದಸ್ಯರಿಗೆ ನೋಂದಣಿಯೂ ಬೇಡ. ಕಾಯ್ದೆ ಹಿಡಿಯಬೇಕಾದ್ದು ಹಾಲು ಒಟ್ಟುಮಾಡಿ ಮಾರುವವರನ್ನು, ತುಪ್ಪದ ಹೆಸರಿನಲ್ಲಿ ಬೇರೆ ಕೊಬ್ಬು ತುಂಬುವವರನ್ನು.

"ಮಾಲು ಹೊರಗಿಂದ ಬರುವುದು" ಎಂಬ ಅಂಗಡಿಯವರ ಮಾತು ಅರ್ಧ ಸರಿ. ತಯಾರಕರಿಂದ, ಹೋಲ್‌ಸೇಲಿನವರಿಂದ ಬಿಲ್ಲು ಪಡೆದು, ಸೀಲಾದ ಡಬ್ಬವನ್ನು ಇದ್ದ ಹಾಗೇ ಮಾರಿದ್ದರೆ ಅವರಿಗೆ ರಕ್ಷಣೆ ಇದೆ. ಆ ಬಿಲ್ಲನ್ನೇ ಕಾನೂನು ಗುಣಮಟ್ಟದ ಗ್ಯಾರಂಟಿ ಎಂದು ಪರಿಗಣಿಸುತ್ತದೆ. ಆಗ ಹೊಣೆ ಮೇಲಕ್ಕೆ ಹೋಗುತ್ತದೆ. ಆದರೆ ಮಾಲು ಯಾರಿಂದ ಬಂತು ಎಂದು ತೋರಿಸಲಾಗದಿದ್ದರೆ ಹೊಣೆ ಅಂಗಡಿಯವರದ್ದೇ, ಸೆಕ್ಷನ್ 27ರಲ್ಲಿ ಅದು ಸ್ಪಷ್ಟ. ಲೇಬಲ್ ಇಲ್ಲದ ಟಿನ್ನಿನಿಂದ ಬಗ್ಗಿಸಿ ಲೂಸ್ ತುಪ್ಪ ಕೊಟ್ಟಿದ್ದರೆ "ನಮಗೇನು ಗೊತ್ತು" ಎಂಬ ಮಾತೇ ಅವರಿಗೆ ಮುಳುವಾಗುತ್ತದೆ. ನಿಮ್ಮದು ಪ್ಯಾಕಿನದ್ದೋ ಲೂಸೋ ನೀವು ಬರೆದಿಲ್ಲ. ದೂರಿನಲ್ಲಿ ಅದನ್ನು ಮೊದಲು ಬರೆಯಿರಿ.

ಪ್ಯಾಕಿನದ್ದಾದರೆ ಅದರ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ನೋಡಿ. 2022ರ ಜನವರಿಯಿಂದ ಅಂಗಡಿಯ ಬಿಲ್ಲಿನಲ್ಲೂ ಅಂಗಡಿಯ ನಂಬರ್ ಇರಲೇಬೇಕು. ಮೊದಲ ಅಂಕಿ 1 ಆದರೆ ಲೈಸೆನ್ಸ್, 2 ಆದರೆ ಸಣ್ಣ ವ್ಯಾಪಾರದ ನೋಂದಣಿ. ಮುಂದಿನ ಎರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 12, ಕೇರಳಕ್ಕೆ 13. ಅಂದರೆ 112 ಎಂದು ಶುರುವಾದರೆ ಕರ್ನಾಟಕದ ಲೈಸೆನ್ಸ್, 113 ಎಂದರೆ ಕೇರಳದ್ದು. ಗಡಿಯಲ್ಲಿರುವ ನಮಗೆ ಇದು ತುಂಬ ಉಪಯೋಗದ ಗುರುತು. ಲೈಸೆನ್ಸ್ ಎಲ್ಲಿಯದ್ದಾದರೂ ಸರಿ, ಮಾಲು ಮಾರಾಟವಾದದ್ದು ಪೆರ್ಲದಲ್ಲಿ, ಸ್ಯಾಂಪಲ್ ತೆಗೆಯುವುದೂ ಅಲ್ಲೇ. ಕಾಸರಗೋಡಿನ ಅಧಿಕಾರಿಯೇ ಕ್ರಮ ಕೈಗೊಳ್ಳಬಹುದು. ಗಡಿಯಾಚೆಯ ತಯಾರಕರನ್ನೂ ಅದೇ ಕೇಸಿಗೆ ಸೇರಿಸಬಹುದು. ಪೊಲೀಸ್ ಠಾಣೆಗೆ ಅಲೆಯಬೇಡಿ. ಅಸುರಕ್ಷಿತ ಆಹಾರದ ವಿಷಯದಲ್ಲಿ ಆಗಿನ ಭಾರತೀಯ ದಂಡ ಸಂಹಿತೆಯ ಕಲಬೆರಕೆ ಸೆಕ್ಷನ್‌ಗಳಿಗಿಂತ ಆಹಾರ ಕಾಯ್ದೆಯೇ ಮೇಲು ಎಂದು ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ಹೇಳಿದೆ.

ಡಾಲ್ಡಾ ವಾಸನೆ ಬಂತು ಎಂಬುದು ಅನುಮಾನಕ್ಕೆ ಸಾಕು, ಪುರಾವೆಗೆ ಸಾಲದು. ತುಪ್ಪ ಹರಳು ಹರಳಾಗಿದ್ದರೆ ಶುದ್ಧ ಎಂಬ ನಂಬಿಕೆಯೂ ಲ್ಯಾಬಿನಲ್ಲಿ ನಡೆಯುವುದಿಲ್ಲ. ಅವರು ನೋಡುವುದೇ ಬೇರೆ. ಹಾಲಿನ ಕೊಬ್ಬಿನಲ್ಲಿ ಮಾತ್ರ ಚೆನ್ನಾಗಿರುವ ಬ್ಯುಟಿರಿಕ್ ಆಮ್ಲದಂಥ ಅಂಶಗಳನ್ನು ಆರ್‌ಎಂ ಮೌಲ್ಯದಿಂದ ಅಳೆಯುತ್ತಾರೆ. ವನಸ್ಪತಿ ಬೆರೆಸಿದಷ್ಟೂ ಅದು ಇಳಿಯುತ್ತದೆ. ವನಸ್ಪತಿಗೆ ಗುರುತಿಗಾಗಿ ಎಳ್ಳೆಣ್ಣೆ ಸೇರಿಸುವ ಕ್ರಮ ಮೊದಲಿಂದ ಇದೆ. ಆ ಎಳ್ಳೆಣ್ಣೆಯನ್ನು ಬಣ್ಣ ಬದಲಾಗುವ ಬೋಡೋಯಿನ್ ಪರೀಕ್ಷೆಯಿಂದ ಹಿಡಿಯುತ್ತಾರೆ. ಅದಕ್ಕೆ ಗಾಢ ಆಮ್ಲ ಬೇಕು, ವೀಡಿಯೊ ನೋಡಿ ಮನೆಯಲ್ಲಿ ಮಾಡಲು ಹೋಗಬೇಡಿ. ಹಾಲಿನಲ್ಲಿ ಹಿಟ್ಟು ಬೆರೆಸಿದ್ದಾರೋ ನೋಡಲು ಮಾತ್ರ ಮನೆಯ ಪರೀಕ್ಷೆ ಸುಲಭ. ಕುದಿಸಿ ಆರಿಸಿದ ಹಾಲಿಗೆ ಎರಡು ಹನಿ ಟಿಂಕ್ಚರ್ ಅಯೋಡಿನ್ ಹಾಕಿ, ನೀಲಿಯಾದರೆ ಹಿಟ್ಟು ಇದೆ. ಇನ್ನು ಪ್ಯಾಕೆಟ್ ಹಾಲು ಬೇಗ ಹುಳಿಯಾಗಲಿಲ್ಲ ಎಂಬುದೊಂದೇ ಕಲಬೆರಕೆಯ ಲಕ್ಷಣ ಅಲ್ಲ. ಪಾಶ್ಚರೀಕರಿಸಿ ತಣ್ಣಗಿಟ್ಟ ಹಾಲು ಹಾಗೇ ಇರುವುದು.

ನಾವು ಹೆದರುವ ವಿಷ ಮತ್ತು ನಿಜಕ್ಕೂ ಇರುವ ವಿಷ ಬೇರೆ ಬೇರೆ. ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶಾದ್ಯಂತ 6,432 ಹಾಲಿನ ಸ್ಯಾಂಪಲ್ ಪರೀಕ್ಷೆ ಮಾಡಿಸಿತು. ಆರೋಗ್ಯಕ್ಕೆ ಹಾನಿ ಮಾಡುವಂಥ ಕಲಬೆರಕೆ ಸಿಕ್ಕಿದ್ದು 12ರಲ್ಲಿ. ಆದರೆ ಅಫ್ಲಾಟಾಕ್ಸಿನ್ ಎಂ1 ಎಂಬ ವಿಷ ಮಿತಿ ಮೀರಿದ್ದು 368ರಲ್ಲಿ, ಆ ಪಟ್ಟಿಯ ಮೇಲಿನ ಮೂರರಲ್ಲಿ ಕೇರಳವೂ ಇತ್ತು. ಇದನ್ನು ಯಾರೂ ಹಾಲಿಗೆ ಬೆರೆಸುವುದಿಲ್ಲ. ಬೂಷ್ಟು ಹಿಡಿದ ಹಿಂಡಿ, ಮೇವು ತಿಂದ ಹಸುವಿನ ಹಾಲಲ್ಲಿ ಅದು ಬರುತ್ತದೆ, ಕುದಿಸಿದರೂ ಹೋಗುವುದಿಲ್ಲ. ನಮ್ಮ ಮಳೆಗಾಲದಲ್ಲಿ ಹಿಂಡಿ ಒಣಗಿರುವಂತೆ ಇಡುವುದು ಎಷ್ಟು ಕಷ್ಟ ಅಂತ ಹೈನುಗಾರರಿಗೆ ಗೊತ್ತು. ಚೆಕ್‌ಪೋಸ್ಟಿನಲ್ಲಿ ಟ್ಯಾಂಕರ್ ತಡೆಯುವಷ್ಟೇ ಗಮನ ಪಶು ಆಹಾರದ ಗೋದಾಮಿನ ಮೇಲೂ ಬೇಕು.

ಕೊನೆಗೆ ಭಾಷೆ. ಕೇರಳದ ಆಡಳಿತ ಭಾಷೆಯ ಕಾನೂನಿನಲ್ಲೇ ಕನ್ನಡ ಅಲ್ಪಸಂಖ್ಯಾತರು ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದಿದೆ. ಹಾಗಾಗಿ ಯಾರಿಂದಲೋ ಮಲಯಾಳದಲ್ಲಿ ಬರೆಸುವ ಕಷ್ಟ ಬೇಡ. ಜಿಲ್ಲೆಯ ಆಹಾರ ಸುರಕ್ಷತಾ ಸಹಾಯಕ ಆಯುಕ್ತರಿಗೆ ಬರೆಯಿರಿ. ಅಂಗಡಿಯ ಹೆಸರು, ಜಾಗ, ಕೊಂಡ ದಿನ, ಬಿಲ್ ನಂಬರ್, ಬ್ರ್ಯಾಂಡ್, ಬ್ಯಾಚ್ ನಂಬರ್, 14 ಅಂಕಿಯ ನಂಬರ್, ಅದೇ ಮಾಲು ಅಂಗಡಿಯಲ್ಲಿ ಇನ್ನೂ ಇದೆಯೇ ಎಂಬುದು ಇರಲಿ. ಡಬ್ಬದ ನಾಲ್ಕೂ ಕಡೆಯ ಫೋಟೋ ಸೇರಿಸಿ. ಬರೆಯುವ ಮೊದಲೇ ಕೇರಳ ಆಹಾರ ಸುರಕ್ಷತಾ ಇಲಾಖೆಯ 1800 425 1125ಕ್ಕೆ ಅಥವಾ ಎಫ್‌ಎಸ್‌ಎಸ್‌ಎಐಯ 1800 112 100ಕ್ಕೆ ಫೋನ್ ಮಾಡಿ. ಕಾಗದ ತಲುಪುವಷ್ಟರಲ್ಲಿ ಮಾಲು ಖಾಲಿಯಾಗಿರಬಹುದು.

ನಿಮಗಾದ ನಷ್ಟ ವಾಪಸ್ ಬೇಕಾದರೆ ಅದಕ್ಕೆ ಬೇರೆ ದಾರಿ: ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯ ಅಲ್ಲ. ಅಲ್ಲಿ ನಿಮ್ಮ ಮನೆಯ ತುಪ್ಪಕ್ಕೆ ಬೆಲೆ ಬರಬಹುದು, ಯಾಕೆಂದರೆ ಆಯೋಗವೇ ಅದನ್ನು ಲ್ಯಾಬಿಗೆ ಕಳಿಸಬಹುದು. ಹಾಗಾಗಿ ಉಳಿದದ್ದನ್ನು ಬಿಸಾಡಬೇಡಿ. ಗಟ್ಟಿಯಾಗಿ ಮುಚ್ಚಿ, ಬಿಲ್ಲಿನ ಜೊತೆ ತಣ್ಣಗಿನ ಜಾಗದಲ್ಲಿಡಿ. ದೂರು ಕೊಟ್ಟು ಎರಡು ತಿಂಗಳಾದರೂ ಸುದ್ದಿ ಬಾರದಿದ್ದರೆ, ಸ್ಯಾಂಪಲ್ ತೆಗೆದ ದಿನಾಂಕ, ವಿಶ್ಲೇಷಕರ ವರದಿ, ಮುಂದಿನ ಕ್ರಮ ಈ ಮೂರನ್ನು ಕೇಳಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು.